ಹದಿನೇಳನೇ ಹಾಳೆ

ಮಂಡ್ಲಿಯ ದಸ್ತಗೀರ್ ಸಾಬರಿಗೆ
ನನ್ನ ಕವರಿನ ಮೇಲೆ ನಂಬಿಕೆಯಿಲ್ಲ.
"ಮಣ್ಣಾಗೋದು ದೊಡ್ಡದಲ್ಲ ಮೇಡಂ,
ಮಂಡಕ್ಕಿ ಗರಿಗರಿ ಇರಬೇಕು, ಅಷ್ಟೇ."

ಮರಗೆಣಸಿನ ಹಿಟ್ಟು, ಗ್ಲಿಸರಿನ್, ಹಲಸಿನ ಬೀಜದ ಗಂಜಿ
ಮಾಚೇನಹಳ್ಳಿಯ ಬಾಡಿಗೆ ಶೆಡ್ಡಿನಲ್ಲಿ ಕುದಿಸಿ
ಗಾಜಿನ ಮೇಲೆ ಹರವಿ ಒಣಗಿಸಿದರೆ
ಜುಲೈ ತಿಂಗಳ ಗಾಳಿ ಅದನ್ನು
ಡಬ್ಬಿ ಮುಚ್ಚದೆ ಬಿಟ್ಟ ಹಪ್ಪಳ ಮಾಡುತ್ತದೆ.
ಸಿಕ್ಕಿದ ನೀರನ್ನೆಲ್ಲ ಕುಡಿಯುವ ಚಟ ಅದಕ್ಕೆ.
ಚಟ ಬಿಡಿಸಿದರೆ ಮಣ್ಣೂ ಮುಟ್ಟುವುದಿಲ್ಲ.
ಇದೇ ತಕರಾರು, ಮೂರು ವರ್ಷದಿಂದ.

ಹದಿನೇಳನೆಯದಕ್ಕೆ ಜೇನುಮೇಣ ತೆಳ್ಳಗೆ ಸವರಿದೆ.
ಒಂದು ಕವರು ಸಾಬರ ಅಂಗಡಿಗೆ, ಮಂಡಕ್ಕಿ ತುಂಬಿ;
ಒಂದು ವಿನೋಬನಗರದ ತಾರಸಿಗೆ,
ಅತ್ತೆಯ ಗೊಬ್ಬರದ ಮಡಕೆಗೆ.
ಅಲ್ಲಿ ಯಂತ್ರದ ಬಿಸಿಯಿಲ್ಲ, ಅಳತೆಯ ತೇವವಿಲ್ಲ,
ಬಾಳೆಸಿಪ್ಪೆ, ಟೀ ಚರಟ, ಒಂದಿಷ್ಟು ಹುಳ.
ಭಾನುವಾರ ಭಾನುವಾರ ಅತ್ತೆ
ಹಳೇ ಸೌಟಿನಲ್ಲಿ ಕೆದಕಿ ನೋಡಿ
ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕ
ಬರೆದಿಡುತ್ತಾರೆ: 'ಇದೆ.' 'ಇದೆ.' 'ಅರ್ಧ ಇದೆ.'

ಹನ್ನೊಂದನೇ ದಿನ ಸಾಬರ ಫೋನು:
"ಇವತ್ತೂ ಕುರುಂ ಅಂತು."
ಹದಿಮೂರಕ್ಕೆ: "ಇಲ್ಲ ಮೇಡಂ, ಮೆತ್ತಗಾಯ್ತು.
ಮುಂಚಿನದಕ್ಕಿಂತ ವಾಸಿ.
ಒಗ್ಗರಣೆ ಹಾಕಿ ತಿಂದ್ವಿ."

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ
ಅತ್ತೆ ಏನೂ ಬರೆಯಲಿಲ್ಲ.
ಮಡಕೆಯನ್ನೇ ಎತ್ತಿ ತಂದು ಎದುರಿಗಿಟ್ಟರು.
ಹಾಳೆ ಇರಲಿಲ್ಲ.
ಬಾಯಿ ಬೆಸೆದ ಅಂಚು ಮಾತ್ರ
ಕಪ್ಪು ಮಣ್ಣಿನಲ್ಲಿ ಒಂದು ಬಿಳೀ ದಾರ,

ಬಿಟ್ಟುಕೊಳ್ಳದಿರಲಿ ಎಂದು
ಎರಡು ಸಲ ಕಾಯಿಸಿದ್ದೆನಲ್ಲ, ಅಲ್ಲಿ.

ಬೆರಳಿಗೆ ಸುತ್ತಿ ಎಳೆದೆ, ಕಡಿಯಲಿಲ್ಲ.
ಅತ್ತೆ ಅದೇ ಮಡಕೆಯಲ್ಲಿ
ಬಸಳೆ ಕಡ್ಡಿ ಊರಿ, ಕೈ ಕೊಡವಿ,
"ದಾರ ನಿನ್ನ ಲೆಕ್ಕಕ್ಕೆ," ಅಂದರು.