ಹನ್ನೆರಡು ತಿಂಗಳು

ಮೈಸೂರಲ್ಲಿ ಕಡಲಿಲ್ಲ. ಅದಕ್ಕೇ ಬಂದೆ.
ಕುಕ್ಕರಹಳ್ಳಿ ಕೆರೆ ಸುತ್ತುವವರು
ಹಡಗಿನ ರಾಯರು ಎನ್ನುತ್ತಾರೆ ನನ್ನನ್ನು.
ಹಡಗು ಓಡಿಸಿದವನಲ್ಲ ನಾನು,
ಓಡಬಹುದು ಎಂದು ಬರೆದುಕೊಟ್ಟವನು.

ಮೂವತ್ತೊಂದು ವರ್ಷ ಪಣಂಬೂರಿನ ಧಕ್ಕೆಯಲ್ಲಿ
ಸಣ್ಣ ಸುತ್ತಿಗೆಯಿಂದ ಕಬ್ಬಿಣ ತಟ್ಟಿದೆ.
ಗಟ್ಟಿ ತಗಡು ಗಂಟೆಯ ಹಾಗೆ ಓಗೊಡುತ್ತದೆ,
ಒಳಗೆ ತಿಂದುಹೋದದ್ದು
ಸುಳ್ಳು ಹೇಳುವ ಹುಡುಗನ ಹಾಗೆ
ಗೊಟಕ್ ಎಂದು ಸುಮ್ಮನಾಗುತ್ತದೆ.
ಆ ಕಿವಿ ಇನ್ನೂ ಹೋಗಿಲ್ಲ.
ದೇವರಾಜ ಮಾರುಕಟ್ಟೆಗೆ ಕಲ್ಲಂಗಡಿ ಆರಿಸಲು
ಬೀದಿಯ ಹೆಂಗಸರು ನನ್ನನ್ನೇ ಕರೆದೊಯ್ಯುತ್ತಾರೆ.

ತಲೆಗಳೆಷ್ಟು, ದೋಣಿಗಳೆಷ್ಟು,
ತೇಲುಬಳೆಗೆ ಹಗ್ಗ ಇದೆಯೆ,
ಬೆಂಕಿ ನಂದಿಸುವ ಸಿಲಿಂಡರಿನ ಮುಳ್ಳು ಹಸಿರಲ್ಲಿದೆಯೆ,
ಹೊಟ್ಟೆಯ ಬಿಳಿಗೆರೆ ನೀರಿಗಿಂತ ಮೇಲಿದೆಯೆ,
ಎಲ್ಲಕ್ಕೂ ಖಾನೆ, ಖಾನೆಗೊಂದು ಗುರುತು,
ಕೊನೆಗೆ ನನ್ನ ಸಹಿ, ಸೀಲು:
ಹನ್ನೆರಡು ತಿಂಗಳಿಗೆ ಸಿಂಧು.
ಸಿಂಧು ಎಂದರೆ ಕಡಲೂ ಹೌದಲ್ಲ, ಎಂದೆ ಒಮ್ಮೆ.
ಕಚೇರಿಯಲ್ಲಿ ಯಾರೂ ನಗಲಿಲ್ಲ.

ಸಾಗರ ಮೌಕ್ತಿಕ ಎಂಬ ಹಡಗು. ತೊಂಬತ್ತೊಂದರ ಆಷಾಢ.
ಎಡಗಡೆಯ ಎರಡನೇ ದೋಣಿ ಇಳಿಸುವ ತೋಳು
ತುಕ್ಕು ಕಚ್ಚಿ ಕೂತಿತ್ತು, ಅಲ್ಲಾಡಲಿಲ್ಲ.
ಕ್ಯಾಪ್ಟನ್ ಮಸ್ಕರೇನಸ್ ಚಹಾ ತರಿಸಿದ.
ಸಂಜೆಯ ಉಬ್ಬರ ತಪ್ಪಿದರೆ ದಿನಕ್ಕೆ ಇಷ್ಟು ಸಾವಿರ ಎಂದ,
ಮುಂದಿನ ಬಂದರಲ್ಲಿ ಖಂಡಿತ ಎಂದ.
ಲಂಚ ಕೊಡಲಿಲ್ಲ. ಕೊಟ್ಟಿದ್ದರೆ ಬೈದು ಇಳಿಯಬಹುದಿತ್ತು.
ಚಹಾ ಚೆನ್ನಾಗಿತ್ತು.
ಗುರುತು ಹಾಕಿದೆ.

ಏನೂ ಆಗಲಿಲ್ಲ.

ಹಡಗು ಹೋಯಿತು, ಬಂತು, ಮತ್ತೆ ಹೋಯಿತು,
ಆರು ವರ್ಷ ಕಳೆದು ಗುಜರಾತಿನ ಮರಳಲ್ಲಿ
ತುಂಡುತುಂಡಾಗಿ ತೂಕಕ್ಕೆ ಮಾರಾಯಿತು.
ಇಪ್ಪತ್ತಾರು ಜನ. ಅಷ್ಟೂ ಜನ ಮನೆ ಸೇರಿದರು.
ನನ್ನ ಕಾಗದ ನಿಜವಾಯಿತು.
ಮುಳುಗಿದ್ದರೆ ವಿಚಾರಣೆ, ಶಿಕ್ಷೆ, ಒಂದು ಕೊನೆ ಇರುತ್ತಿತ್ತು.
ತೇಲಿದ ಸುಳ್ಳನ್ನು ಏನು ಮಾಡುವುದು?

ಮೊನ್ನೆ ಶನಿವಾರ ಶ್ರೀರಂಗಪಟ್ಟಣದ ಸಂಗಮದಲ್ಲಿ
ಹರಿಗೋಲಿನ ಕೆಂಪಬೋರ
ಬಿದಿರ ಬುಟ್ಟಿ ಮಗುಚಿಹಾಕಿ ದಡದಲ್ಲಿ ಕೂತಿದ್ದ.
ಚನ್ನಪಟ್ಟಣದ ಹೊಸ ಜೋಡಿ, ಜೊತೆಗೆ ಮೂವರು,
ಐನೂರು, ಆರುನೂರು, ಎಂಟುನೂರು ಎಂದು ಏರುತ್ತಿದ್ದರು.
“ಆಗಾಕಿಲ್ಲ ಕಣ್ರಪ್ಪ. ಕಟ್ಟೆ ಬಾಗ್ಲು ತಗ್ದವ್ರೆ,
ನೀರಿನ ಬಣ್ಣ ನೋಡಿ.”
ನೋಡಿದೆವು. ನಮ್ಮ ಕಣ್ಣಿಗೆ ನೀರು ನೀರಿನ ಹಾಗೇ ಇತ್ತು.
“ಇನ್ನೊಂದ್ ವಿಸ್ಯ, ಇಲ್ಲೊಂದು ತೂತೈತೆ.”
ಎಳ್ಳುಕಾಳಿನಷ್ಟು.
ಅವನಾಗಿ ತೋರಿಸದಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ,
ನನಗೂ.

ಕಾಗದ ಇದೆಯೇ ಎಂದು ಕೇಳಿಬಿಟ್ಟೆ, ಹಳೆಯ ಚಾಳಿ.
“ಪಂಚಾಯ್ತಿಯೋರು ಒಂದು ಚೀಟಿ ಕೊಟ್ಟಿದ್ರು,
ನೆಂದೋಯ್ತು.”
ಎಂಟುನೂರು ರೂಪಾಯಿ ಮೆಟ್ಟಿಲು ಹತ್ತಿ ಹೋಯಿತು.
ಟಾರಿನ ಡಬ್ಬಿಯ ಕೆಳಗೆ ಸೌದೆ ಒಟ್ಟಿ ಊದಿದ.
ನಾನೂ ಕೂತೆ. ಬಟ್ಟೆ ಸುತ್ತಿದ ಕೋಲು ಕೊಟ್ಟ. ಬಳಿದೆ.
“ಅಷ್ಟೊಂದ್ ಬ್ಯಾಡಿ ಬುದ್ದಿ, ಭಾರಾಯ್ತದೆ.”

ಸೋಮವಾರ ಬ್ಯಾಂಕು. ನವೆಂಬರು,
ಪಿಂಚಣಿಯವರು ಬದುಕಿದ್ದೇವೆಂದು ಬರೆದುಕೊಡುವ ತಿಂಗಳು.
ಅದೂ ಹನ್ನೆರಡು ತಿಂಗಳಿಗೇ ಸಿಂಧು.
ಮೇಜಿನ ಹುಡುಗಿ ತಲೆಯೆತ್ತದೆ ಯಂತ್ರ ತಳ್ಳಿದಳು.
ಹೆಬ್ಬೆಟ್ಟು ಒತ್ತಿದೆ. ಕೆಂಪು ದೀಪ.
ಪಂಚೆಗೆ ಒರೆಸಿ ಒತ್ತಿದೆ. ಕೆಂಪು.
“ಏನ್ ಸಾರ್ ಇದು, ಇಷ್ಟು ಕಪ್ಪು?”
ಟಾರು ಎಂದೆ.
ಸರತಿಯಲ್ಲಿ ಹಿಂದಿದ್ದವರು ಗೊಣಗಿದರು.
“ಹೋಗ್ಲಿ ಬಿಡಿ, ಎದುರಿಗೇ ಇದೀರಲ್ಲ,
ನಾನೇ ಟಿಕ್ ಹಾಕ್ಬಿಡ್ತೀನಿ,” ಎಂದು ಪೆನ್ನು ತೆಗೆದಳು.
ಅವಳ ಪಕ್ಕ ಚಹಾದ ಲೋಟ ಹಬೆಯಾಡುತ್ತಿತ್ತು.

ಬೇಡಮ್ಮ, ಎಂದೆ. ನಾಳೆ ಬರ್ತೀನಿ.

ಮೈಸೂರಲ್ಲಿ ಈಗ
ಸೀಮೆಎಣ್ಣೆ ಎಲ್ಲಿ ಸಿಗುತ್ತದೋ.