ಶೇಕಡಾ ಹನ್ನೊಂದು

ನನ್ನದು ಚಾರ್ಜಿನ ಅಂಗಡಿ. ಎರಡು ಸೋಲಾರ್ ಹಲಗೆ,
ಲಾರಿಯಿಂದ ಬಿಚ್ಚಿದ ಬ್ಯಾಟರಿ, ಹದಿನಾಲ್ಕು ಪಿನ್ನು.
ಫೋನೊಂದಕ್ಕೆ ನೂರು ಫ್ರಾಂಕು,
ಬಾಣಂತಿಯರಿಗೆ ಐವತ್ತು,
ಮಗನ ಸುದ್ದಿಗೆ ಕಾದವರಿಗೆ ಸಾಲ.
ಸಾಲದ ಪುಸ್ತಕ ಬಲು ದಪ್ಪ.

ಗಡಿಯಾಚೆ, ಎಲ್ ಜೆನೈನಾದಲ್ಲಿ, ಫ್ರೆಂಚ್ ಕಲಿಸುತ್ತಿದ್ದೆ.
ಚಾಡಿನ ಈ ಮರಳಲ್ಲಿ ಆ ಭಾಷೆಗೆ ಗುರುವಾರ ಮಾತ್ರ ಕೂಲಿ:
ಹತ್ತು ಗಂಟೆಗೆ, ಫಿನ್‌ಲ್ಯಾಂಡಿನ ಕಯಾನಿ ಎಂಬ ಊರಿಂದ
ಒಂದು ತರಗತಿ ನನ್ನ ಅಂಗೈಗೆ ಬರುತ್ತದೆ.
ಹತ್ತೊಂಬತ್ತು ಮುಖ, ಉಗುರಿನಷ್ಟು ಉಗುರಿನಷ್ಟು,
ಹಿಂದೆ ಕಿಟಕಿ, ಕಿಟಕಿಯಾಚೆ ಬರೀ ಬಿಳಿ.
ಸುಣ್ಣವೇ ಅದು? ಎಂದಿದ್ದಳು ಹಾಜ್ಜಾ ಮಸ್ತೂರಾ ಮೊದಲ ವಾರ.
ಹಿಮ ಎಂದೆ. ನಂಬಲಿಲ್ಲ.
ಇಷ್ಟು ಸುಣ್ಣ ಇದ್ದವರು ಗೋಡೆಗೆ ಬಳಿಯಬಾರದೆ, ಎಂದಳು.

ನಗು ನಾಲ್ಕು ಸೆಕೆಂಡು ತಡವಾಗಿ ತಲುಪುತ್ತದೆ.
ನಾವು ನಕ್ಕು ಮುಗಿಸಿ ಬಾಯಿ ಒರೆಸಿಕೊಳ್ಳುವಾಗ
ಅವರು ಶುರು ಮಾಡುತ್ತಾರೆ,
ಅವರನ್ನು ಕಂಡು ನಾವು ಮತ್ತೆ.
ಒಂದು ಹಾಸ್ಯಕ್ಕೆ ಎರಡು ನಗೆ. ಡೇಟಾ ಕೂಡ ಎರಡು ಪಟ್ಟು.

ಮೊದಮೊದಲು ಬರೆದು ತಂದ ಪ್ರಶ್ನೆಗಳು:
ಓಡುವಾಗ ಏನು ಹಿಡಿದುಕೊಂಡಿರಿ? ರಾತ್ರಿ ಹೆದರಿಕೆಯೇ?
ಮಸ್ತೂರಾ ಪೂರ್ತಿ ಹೇಳುವಳು, ನಾನು ಅರ್ಧ ದಾಟಿಸುವೆ.
ಉಳಿದರ್ಧ ನನ್ನ ನಾಲಿಗೆಯ ಕೆಳಗಿದೆ, ಈಗಲೂ.

ಆಮೇಲೆ ಅವಳೇ ಕೇಳತೊಡಗಿದಳು.
ಯಾರ ಮನೆಯಲ್ಲಿ ಏನಡುಗೆ, ಯಾರ ಅಕ್ಕನಿಗೆ ಗಂಡು ಗೊತ್ತಾಯಿತು,
ಆ ಮೂಲೆಯ ಹುಡುಗ ಪೆನ್ನಿನ ತುದಿ ಯಾಕೆ ಕಡಿಯುತ್ತಾನೆ,
ಬೆಳಿಗ್ಗೆ ಅವನಿಗೆ ಬಡಿಸುವವರಿಲ್ಲವೇ?
ಹೆಸರು ತೊಯ್ವೊ. ಅವಳ ಬಾಯಲ್ಲಿ ತಯ್ಯಿಬ್.
ತಯ್ಯಿಬ್ ಎಂದರೆ ಒಳ್ಳೆಯವನು. ನಾನು ತಿದ್ದಲಿಲ್ಲ.

ಈ ಗುರುವಾರ ಮೂಲೆ ಖಾಲಿ.
ಟೀಚರ್ ಪಿರ್ಕ್ಕೊ ದನಿ ತಗ್ಗಿಸಿ,
ಮೊನ್ನೆ ಅವನ ಅಜ್ಜ ತೀರಿಕೊಂಡರು, ಎಂದು
ಪಾಠಕ್ಕೆ ಹೊರಳಿದಳು: ಕ್ರಿಯಾಪದದ ಭೂತಕಾಲ.

ಹೇಳಿದೆ. ಮಸ್ತೂರಾ ಮಾತಾಡಲಿಲ್ಲ.
ಚಪ್ಪಲಿ ಬಿಟ್ಟಳು. ಚಾಪೆ ತರಿಸಿದಳು,
ಸಂಸ್ಥೆಯ ಮುದ್ರೆ ಅರ್ಧ ಮಾಸಿದ್ದು,
ಹಾಸಿ, ಫೋನಿನೆದುರು ಕುಳಿತಳು.
ನೀರಿನ ಸಾಲಿನಿಂದ ಕಲ್ತೂಮಾ ಬಂದಳು,
ಜಾಗ ಕಾಯಲು ಡಬ್ಬವನ್ನು ಅಲ್ಲೇ ಬಿಟ್ಟು.
ದರ್ಜಿ ಅಬ್ಬಕರ್ ಬಂದ, ಸೂಜಿಯನ್ನು ಅಂಗಿಗೆ ಚುಚ್ಚಿಕೊಂಡು.
ಯಾರು ಹೋದದ್ದು?
ತಯ್ಯಿಬನ ಅಜ್ಜ.
ಯಾವ ತಯ್ಯಿಬ್ ಎಂದು ಯಾರೂ ಕೇಳಲಿಲ್ಲ.
ಅಂಗೈ ತೆರೆದವು, ತುಟಿ ಅಲುಗಿದವು, ಕೈಗಳು ಮುಖ ಸವರಿದವು.

ನಮ್ಮಲ್ಲಿ ಇದಕ್ಕೆ ಮೂರು ದಿನ.
ನನ್ನ ಬಳಿ ಶೇಕಡಾ ಹನ್ನೊಂದು.

ಪಿರ್ಕ್ಕೊ ಕೇಳಿದಳು: ತೊಂದರೆಯೇ? ಧ್ವನಿ ಬರುತ್ತಿಲ್ಲ.
ಇದಕ್ಕೆ ಧ್ವನಿ ಇಲ್ಲ, ಎಂದೆ.
ನಾಲ್ಕು ಸೆಕೆಂಡು.
ಆಮೇಲೆ ಅವಳು ಪುಸ್ತಕ ಮುಚ್ಚಿದಳು.
ಒಬ್ಬ ಹುಡುಗಿ ಕುರ್ಚಿಯಿಂದಿಳಿದು ನೆಲದಲ್ಲಿ ಕೂತಳು,
ಉದ್ದನೆಯ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ.
ಇನ್ನೊಬ್ಬ. ಮತ್ತಿಬ್ಬರು. ಕೆಲವರು ಕುರ್ಚಿಯಲ್ಲೇ ಉಳಿದರು.
ಒಬ್ಬನಿಗೆ ನಗು ತಡೆಯಲಾಗದೆ ಬೆನ್ನು ತಿರುಗಿಸಿದ.

ಇಲ್ಲಿ ನೊಣ, ಅಲ್ಲಿ ಬಿಳಿ.
ಒಂಬತ್ತು. ಆರು.
ಎಷ್ಟು ಸಾವಿಗೆ ನಾವು ಕೂರಲೇ ಇಲ್ಲ,
ಕೂತರೆ ಗುಂಡು ತಾಗೀತೆಂದು ಓಡುತ್ತಲೇ ಇದ್ದೆವು.
ಮಸ್ತೂರಾಳ ಗಂಡ. ನನ್ನ ತಮ್ಮಂದಿರಿಬ್ಬರು.
ಇದನ್ನೂ ನಾನು ದಾಟಿಸಲಿಲ್ಲ.
ಆ ಚಾಪೆ ಯಾರದೆಂದು ಕೇಳಿದರೆ ಈಗ ಹೇಳಲಾರೆ.

ಎರಡು.
ಪರದೆ ಕಪ್ಪಾಯಿತು. ಅದರಲ್ಲಿ ನಮ್ಮದೇ ಮುಖಗಳು.
ಯಾರೂ ಏಳಲಿಲ್ಲ.

ಸಂಜೆ ಬಂದು ಎಷ್ಟಾಯಿತು ಎಂದಳು.
ಪುಸ್ತಕ ತೆಗೆದೆ. ಹೆಸರು: ತಯ್ಯಿಬ್. ಊರು: ಕಯಾನಿ.
ಮೊತ್ತದ ಜಾಗ ಬಿಟ್ಟೆ.
ಬಗ್ಗಿ ನೋಡಿದಳು, ಓದು ಬಾರದವಳು.
ನಾಳೆ ಕೇಳು, ಹುಡುಗ ಉಂಡನೋ ಇಲ್ಲವೋ.
ನಾಳೆ ಶುಕ್ರವಾರ, ಎಂದೆ. ಅವರು ಸಿಗುವುದು ಮುಂದಿನ ಗುರುವಾರ.
ಹಾಗಾದರೆ ಅಲ್ಲಿಯವರೆಗೆ
ಚಾಪೆ ಸುತ್ತಿಡಬೇಡ.