ಒಂದು ಬೆಲ್ಲಿಗೆ ನಿಲ್ಲು

ರಾಬರ್ಟ್‌ಸನ್‌ಪೇಟೆಯ ಔಷಧಿ ಅಂಗಡಿಯ ಮಹಡಿ ಮೇಲೆ
ನನ್ನದೊಂದು ಕೋಣೆ. ಕಬ್ಬಿಣದ ಮಂಚ, ಲ್ಯಾಪ್‌ಟಾಪು,
ಇಪ್ಪತ್ತೊಂದು ತಂತಿಯ ಟೋಪಿ.
ಬೋರ್ಡಿಗೆ 'ಮೆದುಳಿನ ಪಟ' ಅಂತ ಬರೆಸಿದ್ದಕ್ಕೆ
ಪಾಸ್‌ಪೋರ್ಟ್ ಸೈಜಿಗೆ ಎಷ್ಟು ಅಂತ
ಮೆಟ್ಟಿಲು ಹತ್ತಿ ಬಂದವರೂ ಇದ್ದಾರೆ.

ಸವರಿಯಪ್ಪನನ್ನು ಕುರ್ಚಿ ಸಮೇತ ಹೊತ್ತು ತಂದರು.
ಮಾತು ಹೋಗಿ ಏಳು ತಿಂಗಳು,
ಕೈಕಾಲು ಅದರ ಬೆನ್ನಿಗೇ.
ಡಾಕ್ಟರ ಚೀಟಿಯಲ್ಲಿ ಒಂದೇ ಸಾಲು:
ಪ್ರಜ್ಞೆ ಇದೆಯೇ, ನೋಡಿ ತಿಳಿಸಿ.

ಎಣ್ಣೆ ಹಚ್ಚಬೇಡಿ ಅಂದಿದ್ದೆ. ಸೊಸೆ ಜಪಮಾಲೆ
ಹಚ್ಚದೆ ತಂದಿದ್ದಳು, ಏನೋ ತಪ್ಪು ಮಾಡಿದ ಮುಖದಲ್ಲಿ.
'ಕಣ್ಣು ಮಾತ್ರ ಯಾವಾಗ್ಲೂ ಪಿಳಿಪಿಳಿ ಮೇಡಮ್, ಉರಿ ಇರಬೇಕು,
ದಿನಕ್ಕೆ ಮೂರು ಸಲ ಡ್ರಾಪ್ಸ್ ಬಿಡ್ತೀವಿ.'

ಕೂದಲು ಬಗೆದು, ಜೆಲ್ ಹಚ್ಚಿ
ಒಂದೊಂದೇ ಬಿಲ್ಲೆ ಕೂರಿಸಿದೆ.
ಪರದೆಗೆ ಮೊದಲು ಬಂದದ್ದು ಊರಿನ ಕರೆಂಟು,
ಸೆಕೆಂಡಿಗೆ ಐವತ್ತು ಸಲ ಗುಂಯ್‌ಗುಡುವ
ಫ್ಯಾನು, ಟ್ಯೂಬ್‌ಲೈಟು, ಕೆಳಗಿನ ಅಂಗಡಿಯ ಫ್ರಿಜ್ಜು.
ಅದನ್ನು ಸೋಸಲು ಒಂದು ಗುಂಡಿ.
ದವಡೆ ಬಿಗಿದರೆ ಎಬ್ಬುವ ಮುಳ್ಳುಪೊದೆ, ಅದಕ್ಕೊಂದು ಗುಂಡಿ.
ಹಣೆಯ ಎರಡು ತಂತಿಗಳಲ್ಲಿ ಧುತ್ತೆಂದು ಏಳುವ ದಿಬ್ಬ
ರೆಪ್ಪೆಯದು, ಮೆದುಳಿನದಲ್ಲ,
ತೆಗೆಯಿರಿ ಅಂತ ಕಲಿಸಿದ್ದರು. ತೆಗೆದೆ.
ಉಳಿದದ್ದು
ಗಾಳಿ ಬೀಸದ ಮಧ್ಯಾಹ್ನದ ಬೇತಮಂಗಲ ಕೆರೆ.

'ಅದನ್ಯಾಕೆ ಅಳಿಸಿದ್ರಿ?'
ಬಾಗಿಲ ಬಳಿ ಚಪ್ಪಲಿ ಬಿಟ್ಟು ನಿಂತಿದ್ದ ಏಳುಮಲೈ.
ಗಣಿ ಮುಚ್ಚುವವರೆಗೂ ಮೇಲೆ ಎಂಜಿನ್ ಮನೆಯಲ್ಲಿ
ತೊಟ್ಟಿಲ ಹಗ್ಗ ಸುತ್ತಿದವನು ಇವನು,
ಪಾತಾಳದ ಬಾಯಲ್ಲಿ ಬೆಲ್ ಎಳೆದವನು ಅವನು.
ಇಪ್ಪತ್ತೆರಡು ವರ್ಷ ಪಾಳಿಯಲ್ಲಿ ಮುಖ ನೋಡಿಲ್ಲ,
ನಡುವೆ ಮೈಲಿ ಉದ್ದದ ಕತ್ತಲು, ಒಂದು ತಂತಿ.

'ಅದು ಬೆಲ್ಲು ಮೇಡಮ್.
ಒಂದು ಅಂದ್ರೆ ನಿಲ್ಲು. ಎರಡು, ಇಳಿಸು. ಮೂರು, ಎತ್ತು.
ಮೂರರ ಹಿಂದೆ ಎರಡು ಬಂತೋ,
ಒಳಗೆ ಜನ ಇದ್ದಾರೆ, ಮೆತ್ತಗೆ.'

ಅಳಿಸಿದ್ದನ್ನೆಲ್ಲ ವಾಪಸು ತಂದೆ.
ಹದಿನಾಲ್ಕು ನಿಮಿಷದ ದಾಖಲೆ.
ಮೂರು ದಿಬ್ಬ, ಬಯಲು, ಎರಡು ದಿಬ್ಬ.
ಮೂರು. ಎರಡು.
ಮೂರು. ಎರಡು.
ಕಿಟಕಿಯಾಚೆ ಸಯನೈಡ್ ಗುಡ್ಡ,
ಸೋಸಿ ಎಸೆದ ಮಣ್ಣು, ಗಾಳಿ ಎದ್ದರೆ
ಇವತ್ತಿಗೂ ಅನ್ನದ ತಟ್ಟೆಗೆ ಬರುತ್ತದೆ.

ಏಳುಮಲೈ ಬೀಗದ ಕೈ ತೆಗೆದು
ಮಂಚದ ಕಂಬಿಗೆ ಬಡಿದ: ಮೂರು, ಎರಡು.
ಕೇಳಿದ್ದನ್ನು ತಿರುಗಿ ಬಾರಿಸದೆ
ಎಂಜಿನ್ ಮುಟ್ಟಬಾರದಂತೆ.
ಜಪಮಾಲೆ ಡ್ರಾಪ್ಸಿನ ಬಾಟಲಿಯನ್ನು
ಸದ್ದಿಲ್ಲದೆ ಬ್ಯಾಗಿನ ತಳಕ್ಕೆ ತಳ್ಳಿದಳು.

ಆಮೇಲೆ ಹತ್ತು ರಾತ್ರಿ ಕೂತು ಬರೆದೆ,
ದಿಬ್ಬ ಎಣಿಸಿ ಮಾತಾಡುವ ಒಂದು ಸಣ್ಣ ಪ್ರೋಗ್ರಾಂ.
ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಕನ್ನಡದ ಗಂಟಲು,
ವಾರ್ತೆ ಓದುವ ಹುಡುಗಿಯದು.
'ದಯವಿಟ್ಟು ನೀರು ಕೊಡಿ' ಅಂದಿತು ಅದು.
'ದಯವಿಟ್ಟು ಅಂತ ಇವನು ಯಾವತ್ತು ಅಂದಿದ್ದ!'
ಏಳುಮಲೈ ಕೆಮ್ಮು ಬರುವಷ್ಟು ನಕ್ಕ.
ತಮಿಳಲ್ಲಿ ಬೈದು ತೆಲುಗಲ್ಲಿ ಲೆಕ್ಕ ಹಾಕಿ
ಕನ್ನಡದಲ್ಲಿ ಸಾಲ ಕೇಳುತ್ತಿದ್ದವನಿಗೆ
ಎಷ್ಟು ನುಣುಪಾದ ನಾಲಿಗೆ ಕೊಟ್ಟಿದ್ದೆ ನಾನು.

ಆಗ ಪರದೆಯಲ್ಲಿ ಒಂದು ದಿಬ್ಬ.
ಕಾದೆವು. ಹಿಂದೆ ಇನ್ನೊಂದು ಬರಲಿಲ್ಲ.
'ನಿಲ್ಲಿ' ಅಂದಳು ಹುಡುಗಿ.

ಏನನ್ನು ಅಂತ ಹೇಳಲು ಆ ಪಟ್ಟಿಯಲ್ಲಿ ಬೆಲ್ಲಿರಲಿಲ್ಲ.
ಫ್ಯಾನು ಆರಿಸಿದೆ. ಅವಳ ದನಿ ಆರಿಸಿದೆ.
ಜೆಲ್ ಒಣಗಿ ತುರಿಸುತ್ತಿರಬಹುದೆಂದು
ಒಂದೊಂದೇ ಬಿಲ್ಲೆ ಬಿಡಿಸತೊಡಗಿದೆ.
ಏಳುಮಲೈ ಮಾತ್ರ ಕಂಬಿಗೆ
ಒಂದೇ ಒಂದು ಸಲ ಬಡಿದು
ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ.